ಸ್ಟಾಪಿನಲ್ಲೇ ಉಳಿದವರ ಲೆಕ್ಕ

ಕೇಳುಗರಿಗೆ ನಮಸ್ಕಾರ.

ನೀವು ಬಸ್ ಹತ್ತುತ್ತೀರಿ. ಕಂಡಕ್ಟರ್ ಮೆಷಿನ್ ಒತ್ತುತ್ತಾರೆ, ಟಿಕೆಟ್ ಬರುತ್ತದೆ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿ ದಾಖಲಾಗುತ್ತದೆ. ಸರಿ. ಆದರೆ ನಿಮ್ಮ ಪಕ್ಕದಲ್ಲೇ ನಿಂತಿದ್ದ ಹೆಂಗಸು ಬಾಗಿಲಲ್ಲಿ ಕಾಲಿಡಲು ಜಾಗ ಸಿಗದೆ ಸ್ಟಾಪಿನಲ್ಲೇ ಉಳಿದರಲ್ಲ, ಅವರು ಯಾವ ಮೆಷಿನ್ನಿನಲ್ಲಿದ್ದಾರೆ? ಕಾದು ಕಾದು ಸಾಕಾಗಿ ಆಟೋ ಹಿಡಿದ ಹುಡುಗ? ಅವನೂ ಎಲ್ಲೂ ಇಲ್ಲ.

ನಮ್ಮ ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ವ್ಯವಸ್ಥೆ ಬಂದದ್ದು 2012ರಲ್ಲಿ. 500 ಬಸ್ಸುಗಳಿಗೆಂದು ಮಾಡಿದ ಯೋಜನೆ. ಸ್ಟಾಪುಗಳಲ್ಲಿ ಬೋರ್ಡು ಹಾಕಿದರು. ಮುಂದಿನ ಬಸ್ಸು ಇಷ್ಟು ನಿಮಿಷಕ್ಕೆ ಅಂತ ಅಕ್ಷರ ಮೂಡುತ್ತಿತ್ತು. ಬೋರ್ಡು ನೋಡುವುದಕ್ಕೇ ಅಂತ ನಾನೊಂದು ದಿನ ಸುಮ್ನೆ ಸ್ಟಾಪಿನಲ್ಲಿ ಕೂತಿದ್ದೆ! ಬಸ್ಸು ಎಲ್ಲಿದೆ ಅಂತ ಜಿಪಿಎಸ್ ಹೇಳುತ್ತದೆ. ಜನ ಎಲ್ಲಿ ಕಾಯುತ್ತಿದ್ದಾರೆ ಅಂತ ಹೇಳುವುದಿಲ್ಲ. ಅದನ್ನು ನಾವೇ ಹೇಳಬೇಕು.

ಹೇಗೆ ಹೇಳಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ನಾನು ನಿವೃತ್ತ ಶಾಲಾ ಶಿಕ್ಷಕಿ. ರಿಂಗ್ ರಸ್ತೆಗೆ ಹತ್ತಿರದ ಒಂದು ಬಡಾವಣೆಯಲ್ಲಿ ಮನೆ. ಬಸ್ಸಿನ ತೊಂದರೆ ಜಾಸ್ತಿಯಾದಾಗ ಪಾರ್ಕಿನಲ್ಲಿ ಸಭೆ ಸೇರಿದೆವು. 'ನಮ್ಮ ಬಡಾವಣೆಗೆ ಬಸ್ಸು ಸರಿಯಾಗಿ ಬರುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ' ಅಂತ ಅರ್ಜಿ ಬರೆದು ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು. ಅರ್ಜಿ ತೆಗೆದುಕೊಂಡ ಅಧಿಕಾರಿ ಒಳ್ಳೆಯವರೇ. ಕೂರಿಸಿ ಕೇಳಿದರು: "ಯಾವ ಬಸ್ಸು ಮೇಡಂ? ಯಾವತ್ತು ಬರಲಿಲ್ಲ? ಎಷ್ಟು ಗಂಟೆದು?" ನಾವು ಐದು ಜನ ಹೋಗಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಮೂವರು ಆ ಕಚೇರಿಗೆ ಬಂದಿದ್ದೇ ಸ್ಕೂಟರಿನಲ್ಲಿ.

ನನಗೆ ನಾಚಿಕೆಯಾಯಿತು. ಮಕ್ಕಳಿಗೆ ಜೀವಮಾನವಿಡೀ 'ಉತ್ತರ ಬರೆದರೆ ಸಾಲದು, ಲೆಕ್ಕ ಮಾಡಿದ್ದು ತೋರಿಸು' ಅಂತ ಹೇಳಿದವಳು ನಾನು.

ಮಾರನೇ ದಿನವೇ ಒಂದು ನೋಟ್‌ಬುಕ್ ತಂದು ಗೆರೆ ಹಾಕಿದೆ. ತಾರೀಖು, ಬಸ್ಸು ಬರಬೇಕಾದ ಹೊತ್ತು, ಬಂದ ಹೊತ್ತು, ರೂಟ್ ನಂಬರ್, ನಿಂತಿತೋ ಇಲ್ಲವೋ, ಹತ್ತಲಾಗದೆ ಉಳಿದವರು ಎಷ್ಟು. ನಮ್ಮ ಸ್ಟಾಪಿನ ಪಕ್ಕ ಹೂ ಮಾರುವ ಹೆಂಗಸೊಬ್ಬಳಿದ್ದಾಳೆ. ದೇವರಾಜ ಮಾರ್ಕೆಟ್ಟಿನಿಂದ ಹೂ ತಂದು ಬೆಳಿಗ್ಗೆ ಆರೂವರೆಗೆಲ್ಲ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ನಾನಿಲ್ಲದ ಹೊತ್ತಿನಲ್ಲಿ ಅವಳೇ ಬರೆದಳು. ಎರಡು ವಾರ ಬರೆದೆವು.

ಬರೆದದ್ದನ್ನು ಕೂಡಿಸಿ ನೋಡಿದರೆ, ಸಭೆಯಲ್ಲಿ ನಾವು ಕೂಗಾಡಿದ್ದೇ ಬೇರೆ, ತೊಂದರೆ ಇದ್ದದ್ದೇ ಬೇರೆ. ನಾವೆಲ್ಲ ಒಂಬತ್ತು ಗಂಟೆಯ ಬಸ್ಸಿನ ಬಗ್ಗೆ ಕೂಗಾಡಿದ್ದೆವು. ಜನ ಜಾಸ್ತಿ ಉಳಿಯುತ್ತಿದ್ದದ್ದು 7.20ರ ಬಸ್ಸಿಗೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು. ಹಿಂದಿನ ಸ್ಟಾಪಿನಲ್ಲೇ ಬಸ್ಸು ತುಂಬಿರುತ್ತಿತ್ತು. ಕೆಲವು ದಿನ ನಿಲ್ಲಿಸುತ್ತಲೇ ಇರಲಿಲ್ಲ. "ಗೇಟ್ ಹಾಕಿದ ಮೇಲೆ ಹೋದ್ರೆ ಅರ್ಧ ದಿನದ ಸಂಬಳ ಹೋಯ್ತು ಕಣಕ್ಕ" ಅಂದಳು ಹೂವಿನವಳು. ಅವಳ ಮಗಳೂ ಆ ಗುಂಪಿನಲ್ಲಿದ್ದಳು. ಆ ಹುಡುಗಿಯರಲ್ಲಿ ಒಬ್ಬಳೂ ನಮ್ಮ ಸಭೆಗೆ ಬಂದಿರಲಿಲ್ಲ. ಹೇಗೆ ಬರುತ್ತಾರೆ? ಸಭೆ ಇಟ್ಟಿದ್ದು ಸಂಜೆ ಐದಕ್ಕೆ. ಅವರು ಮನೆ ಸೇರುವುದೇ ಏಳಕ್ಕೆ. ಪ್ರಯಾಣಿಕರ ಪರವಾಗಿ ಮಾತಾಡುತ್ತೇವೆ ಅನ್ನುವವರು ಮೊದಲು ಯಾವ ಹೊತ್ತಿಗೆ ಸಭೆ ಕರೆಯುತ್ತೇವೆ ಅಂತ ನೋಡಿಕೊಳ್ಳಬೇಕು, ಅಲ್ವಾ?

ಇನ್ನೊಂದು ವಿಷಯ. ಮಧ್ಯಾಹ್ನದ ಒಂದು ಟ್ರಿಪ್ ವಾರಕ್ಕೆರಡು ಸಲ ಬರುತ್ತಲೇ ಇರಲಿಲ್ಲ. ಡ್ರೈವರಿಗೆ ಸೋಮಾರಿತನ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೆವು. ಒಂದು ದಿನ ಬಸ್ಸು ಸ್ವಲ್ಪ ಹೊತ್ತು ನಿಂತಿದ್ದಾಗ ಕೇಳಿಯೇಬಿಟ್ಟೆ. "ಮೇಡಂ, ಇದಕ್ಕೆ ಕೊಟ್ಟಿರೋದು 35 ನಿಮಿಷ. ಸಿಗ್ನಲ್ ಎಲ್ಲ ದಾಟ್ಕೊಂಡು ಹೋಗೋಷ್ಟರಲ್ಲಿ 50 ಆಗುತ್ತೆ. ಎರಡು ಟ್ರಿಪ್ ಹಿಂಗಾದ್ರೆ ಮೂರನೇದು ಕಟ್" ಅಂದರು. ರಸ್ತೆ ಖಾಲಿಯಿದ್ದ ಕಾಲದ ಟೈಮು ಹಾಗೇ ಉಳಿದಿತ್ತು. ಅದನ್ನೂ ಬರೆದುಕೊಂಡೆವು. ಡ್ರೈವರು ಕಂಡಕ್ಟರುಗಳನ್ನು ಬಯ್ಯುವ ಅರ್ಜಿಗಿಂತ, ಅವರನ್ನು ಕೇಳಿ ಬರೆದ ಅರ್ಜಿಗೆ ತೂಕ ಜಾಸ್ತಿ.

ಲಂಡನ್ನಿನಲ್ಲಿ ಪ್ರಯಾಣಿಕರ ಪರ ಮಾತಾಡುವುದಕ್ಕೆಂದೇ ಕಾನೂನಿನ ಪ್ರಕಾರ ರಚನೆಯಾದ ಸಂಸ್ಥೆಯಿದೆ, ಹೆಸರು ಲಂಡನ್ ಟ್ರಾವೆಲ್‌ವಾಚ್. ಬೆಂಗಳೂರಿನಲ್ಲಿ ಜನರೇ ಕಟ್ಟಿಕೊಂಡ ಬಸ್ ಪ್ರಯಾಣಿಕರ ವೇದಿಕೆ ಇದೆ. ನಮ್ಮದು ಒಂದು ನೋಟ್‌ಬುಕ್ಕು, ಅಷ್ಟೇ. ಆದರೂ ಕೈಗೆ ಸಿಗುವ ಹತಾರ ಕಡಿಮೆಯೇನಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕಷ್ಟ ಸುಖ ಬರೆಯಲು ಅಲ್ಲಿ ಜಾಗವಿಲ್ಲ. ಈ ರೂಟಿನಲ್ಲಿ ಈ ತಿಂಗಳು ನಿಗದಿಯಾದ ಟ್ರಿಪ್ ಎಷ್ಟು, ಓಡಿದ್ದೆಷ್ಟು? ಇಷ್ಟು ಕೇಳಿದರೆ ಸಾಕು. ಬಂದ ಉತ್ತರವನ್ನು ನಿಮ್ಮ ಪುಸ್ತಕದ ಪಕ್ಕ ಇಟ್ಟು ನೋಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ. ದುಡ್ಡಿಲ್ಲ ಅಂತ ಟಿಕೆಟ್ ಬೇಡ ಅನ್ನಬೇಡಿ. ಆ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ಕೊಡುತ್ತದೆ. ನೀವು ತೆಗೆದುಕೊಳ್ಳದಿದ್ದರೆ, ಬಸ್ಸಿನಲ್ಲಿ ನಿಂತುಕೊಂಡು ಹೋದರೂ ಕಾಗದದಲ್ಲಿ ನೀವಿಲ್ಲ. ನಾಳೆ 'ಈ ರೂಟಿಗೆ ಜನ ಇಲ್ಲ' ಅಂದರೆ ಏನು ತೋರಿಸುತ್ತೀರಿ?

ನಮ್ಮ ಎರಡನೇ ಅರ್ಜಿ ಒಂದೂವರೆ ಪುಟ. ಜೊತೆಗೆ ನೋಟ್‌ಬುಕ್ಕಿನ ಜೆರಾಕ್ಸ್. ಅದೇ ಅಧಿಕಾರಿ ಈ ಸಲ ಪೆನ್ನು ತೆಗೆದು ಅಲ್ಲಲ್ಲಿ ಗುರುತು ಹಾಕಿಕೊಂಡರು. ಎರಡು ತಿಂಗಳ ಮೇಲೆ 7.20ರ ಬಸ್ಸಿಗೆ ಮುಂಚೆ ಇನ್ನೊಂದು ಬಂತು, ಏಳು ಗಂಟೆಗೆ. ಮಧ್ಯಾಹ್ನದ ಟ್ರಿಪ್ಪಿನ ಟೈಮ್ ಇನ್ನೂ ಬದಲಾಗಿಲ್ಲ. ಕೇಳುತ್ತಲೇ ಇದ್ದೇವೆ.

ಪುಸ್ತಕ ಈಗಲೂ ಹೂವಿನ ಬುಟ್ಟಿಯ ಪಕ್ಕದಲ್ಲಿದೆ. ಇದು ಮೂರನೆಯದು. ಯಾರು ಬೇಕಾದರೂ ತೆಗೆದು ಬರೆಯಬಹುದು. ಪೆನ್ನು ಮಾತ್ರ ದಾರ ಕಟ್ಟಿದರೂ ನಿಲ್ಲುತ್ತಿಲ್ಲ, ಹತ್ತುವ ಗಡಿಬಿಡಿಯಲ್ಲಿ ಯಾರಾದರೂ ಜೇಬಿಗೆ ಸಿಕ್ಕಿಸಿಕೊಂಡು ಹೋಗಿಬಿಡುತ್ತಾರೆ.

ನಮಸ್ಕಾರ.