ಯರಿ ಮಣ್ಣು, ಮಸಾರಿ ಮಣ್ಣು, ಒಂದು ಹಳೆ ಕ್ಯಾಲೆಂಡರ್

ಕೇಳುಗರಿಗೆಲ್ಲ ನಮಸ್ಕಾರ.

ನಾನು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳು ನನ್ನ ಕೋಣೆಯಲ್ಲಿ ಕೂರುತ್ತಾರೆ. ಈ ಸಣ್ಣ ಮಕ್ಕಳ ಚಿತ್ರದ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು. ಶಿಕ್ಷಕರು ಕೇಳುತ್ತಿದ್ದರೆ ಸಂತೋಷ. ರೊಟ್ಟಿ ಬಡಿಯುತ್ತ ರೇಡಿಯೋ ಹಚ್ಚಿಕೊಂಡ ತಾಯಂದಿರು ಕೇಳುತ್ತಿದ್ದರೆ ಇನ್ನೂ ಸಂತೋಷ.

ನೌಕರಿಗೆ ಸೇರಿದ ಹೊಸದರಲ್ಲಿ ಶನಿವಾರ ಬಂತೆಂದರೆ ನಾನು ಬೋರ್ಡ್ ಮೇಲೆ ಒಂದು ಮನೆ ಬರೆಯುತ್ತಿದ್ದೆ. ಇಳಿಜಾರು ಹೆಂಚಿನ ಮನೆ. ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನ ಮರ. ಮಕ್ಕಳು ನೋಡಿ ನೋಡಿ ಅದನ್ನೇ ಬರೆಯುತ್ತಿದ್ದರು. ನಮ್ಮೂರಿನಲ್ಲಿ ಹೆಂಚಿನ ಮನೆ ಒಂದೂ ಇಲ್ಲ. ಇರುವುದು ಮಣ್ಣಿನ ಮಾಳಿಗೆ, ಇಲ್ಲವೇ ಆರ್‌ಸಿಸಿ. ಒಂದು ಶನಿವಾರ ಎರಡನೇ ತರಗತಿಯ ಹುಡುಗನೊಬ್ಬ ಪಾಟಿಯ ಮೇಲೆ ತನ್ನ ಮನೆಯನ್ನು ಸುಮ್ನೆ ಒಂದು ಚೌಕದ ಹಾಗೆ ಬರೆದಿದ್ದ. ಚೌಕದ ಮೇಲೆ ಸಾಲಾಗಿ ಚುಕ್ಕಿ. ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿ ಅವು. ಬೋರ್ಡ್ ನೋಡಿದ. ತನ್ನ ಪಾಟಿ ನೋಡಿದ. ಆಮೇಲೆ ಉಗುಳು ಹಚ್ಚಿ ಅಂಗೈಯಿಂದ ಒರೆಸಿಬಿಟ್ಟ. ಮತ್ತೆ ಹೆಂಚಿನ ಮನೆ ಬರೆಯತೊಡಗಿದ.

ಆ ಒರೆಸಿದ ಪಾಟಿ ಇವತ್ತಿಗೂ ನನ್ನ ಕಣ್ಣಮುಂದಿದೆ. ಅವನ ಮನೆ ತಪ್ಪು, ನನ್ನದು ಸರಿ ಅಂತ ಅವನಿಗೆ ಕಲಿಸಿದವಳು ನಾನೇ ಅಲ್ವಾ? ಅವತ್ತೇ ಬೋರ್ಡ್ ಮೇಲೆ ಮಾದರಿ ಬರೆಯುವುದನ್ನು ಬಿಟ್ಟೆ.

ಹಾಗಾದರೆ ಮಕ್ಕಳು ಏನು ಬರೆಯಬೇಕು? ನಾನು ಈಗ ಪ್ರಶ್ನೆ ಕೇಳುತ್ತೇನೆ. 'ನಿನ್ನೆ ರಾತ್ರಿ ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತಿದ್ದರು?' 'ಬನಶಂಕರಿ ಜಾತ್ರೆಯಲ್ಲಿ ನಿನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಯಾವುದು?' ಹೀಗೆ ಕೇಳಿದರೆ ಸಾಕು, ಯಾರೂ ಯಾರದ್ದನ್ನೂ ನೋಡಿ ಬರೆಯುವುದಿಲ್ಲ. ಜಾತ್ರೆಯ ಚಿತ್ರದಲ್ಲಿ ಒಬ್ಬಳು ತೇರು ಬರೆದಳು. ಒಬ್ಬ ನಾಟಕ ಕಂಪನಿಯ ಡೇರೆ ಬರೆದ. ಇನ್ನೊಬ್ಬ ಬರೀ ಕಾಲು ಬರೆದಿದ್ದ, ಹಾಳೆ ತುಂಬ ಕಾಲು. ಅಪ್ಪನ ಕೈ ಹಿಡಿದು ಗದ್ದಲದಲ್ಲಿ ನಡೆದ ಹುಡುಗನಿಗೆ ಕಂಡದ್ದು ಅಷ್ಟೇ ತಾನೆ!

ಒಂದು ಚಿತ್ರದ ಬಗ್ಗೆ ಬಿಡಿಸಿ ಹೇಳುತ್ತೇನೆ. ಒಂದನೇ ತರಗತಿಯ ಹುಡುಗಿ, ಆರು ವರ್ಷ. ಹಾಳೆಯ ಕೆಳಗೆ ಒಂದು ಗೆರೆ, ಅದು ನೆಲ. ಅದರ ಮೇಲೆ ಒಂದು ಮನೆ. ಮನೆಯ ಒಳಗೆ ಒಂದು ಒಲೆ, ಒಲೆಯ ಮುಂದೆ ಒಬ್ಬ ಹೆಂಗಸು. ಹೆಂಗಸಿನ ತಲೆ ಮಾಳಿಗೆ ದಾಟಿ ಮೇಲೆ ಬಂದಿದೆ. ಕೈ ಮಾತ್ರ ಭಾರಿ ದೊಡ್ಡದು, ಬೆರಳು ಏಳು. ಹಿಂದಿನ ನಾನಾಗಿದ್ದರೆ 'ಬೆರಳು ಎಷ್ಟು ಇರುತ್ತವೆ ಎಣಿಸು' ಅನ್ನುತ್ತಿದ್ದೆ. ಅವತ್ತು ಹಾಗೆ ಅನ್ನದೆ, 'ಇದರ ಬಗ್ಗೆ ನನಗಿಷ್ಟು ಹೇಳವ್ವ' ಅಂದೆ.

'ನಮ್ಮ ಆಯಿ ರೊಟ್ಟಿ ಬಡ್ಯಾಕತ್ತಾಳ್ರಿ ಅಕ್ಕೋರ. ಮುಂದ ಗ್ವಾಡಿ ಐತ್ರಿ. ನಿಮಗ ಕಾಣ್ಲಿ ಅಂತ ತಗದೀನ್ರಿ.'

ನನಗೆ ಕಾಣಲಿ ಅಂತ ಗೋಡೆಯನ್ನೇ ತೆಗೆದಿದ್ದಾಳೆ! ಮಕ್ಕಳ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು ಇದನ್ನು ವಿವರಿಸಿದ್ದಾರೆ. ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ಆಮೇಲೆ ಅಮೆರಿಕದಲ್ಲಿ ಪಾಠ ಮಾಡಿದವರು. ಈ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡಷ್ಟನ್ನೇ ಬರೆಯುವುದಿಲ್ಲ, ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಯಾರು ಮುಖ್ಯವೋ ಅವರು ದೊಡ್ಡವರಾಗುತ್ತಾರೆ. ಯಾವ ಅಂಗ ಕೆಲಸ ಮಾಡುತ್ತದೆಯೋ ಅದು ಉದ್ದವಾಗುತ್ತದೆ. ಒಳಗಿನದು ಹೊರಗೆ ಕಾಣುತ್ತದೆ. ಕೆಳಗೊಂದು ನೆಲದ ಗೆರೆ ಬರುತ್ತದೆ. ಇದು ಬೆಳವಣಿಗೆಯ ಒಂದು ಮೆಟ್ಟಿಲು. ತಿದ್ದಲು ಹೋದರೆ ಮಗು ಮೇಲಕ್ಕೆ ಹತ್ತುವುದಿಲ್ಲ, ಬರೆಯುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಶಿಕ್ಷಕ ಮಿತ್ರರಲ್ಲಿ ನನ್ನ ಒಂದೇ ಕೋರಿಕೆ. ಮಗುವಿನ ಚಿತ್ರದ ಮೇಲೆ ಕೆಂಪು ಪೆನ್ನು ಆಡಿಸಬೇಡಿ. ಅಂಕವೂ ಬೇಡ, 'ಗುಡ್' ಕೂಡ ಬೇಡ. ಮೂಲೆಯಲ್ಲಿ ಹೆಸರು ಬರೆಸಿ, ಸಾಕು.

ಇನ್ನು ಬಣ್ಣ. 'ಕ್ರೇಯಾನ್ಸ್ ಇಲ್ಲ, ಡ್ರಾಯಿಂಗ್ ಶೀಟ್ ಇಲ್ಲ, ಏನು ಮಾಡೋದು?' ಅಂತ ಕೇಳುವವರಿದ್ದಾರೆ. ಹಾಳೆಗೆ ಹಳೆ ಕ್ಯಾಲೆಂಡರ್ ತರಿಸಿ. ಹಿಂಭಾಗ ಬಿಳಿ, ದಪ್ಪ, ಅಗಲ. ಸಣ್ಣ ಮಕ್ಕಳಿಗೆ ದೊಡ್ಡ ಹಾಳೆಯೇ ಬೇಕು. ಅವರ ಕೈ ಭುಜದಿಂದ ಆಡುತ್ತದೆ, ಬೆರಳ ತುದಿಗೆ ಹಿಡಿತ ಬರುವುದು ನಿಧಾನವಾಗಿ.

ಬಣ್ಣ ನಮ್ಮ ಕಾಲ ಕೆಳಗೇ ಇದೆ. ನಮ್ಮ ಕಡೆ ಹೊಳೆ ದಂಡೆಗೆ ಯರಿ ಮಣ್ಣು, ಗುಡ್ಡದ ಬದಿಗೆ ಮಸಾರಿ ಮಣ್ಣು. ಒಂದು ಕಪ್ಪು, ಒಂದು ಕೆಂಪು. ಒಣಗಿದ ಹೆಂಟೆಯನ್ನು ಕುಟ್ಟಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜಾಲಿಸಿ, ಒಂದು ಡಬ್ಬಿ ನೀರಿನಲ್ಲಿ ಕಲಸಿ ಬಿಡಬೇಕು. ಉಸುಕು ತಕ್ಷಣ ತಳಕ್ಕೆ ಕೂರುತ್ತದೆ. ಮೇಲಿನ ಬಗ್ಗಡವನ್ನು ಬೇರೆ ಡಬ್ಬಿಗೆ ಬಗ್ಗಿಸಿ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಮಣ್ಣು. ಜಾಲಿ ಮರದ ಅಂಟನ್ನು ನೀರಿನಲ್ಲಿ ನೆನೆಸಿ ಅದಕ್ಕೆ ಬೆರೆಸಿದರೆ ಬಣ್ಣ ಹಾಳೆಗೆ ಹಿಡಿಯುತ್ತದೆ. ಅಂಟು ಇಲ್ಲದಿದ್ದರೆ ಒಣಗಿದ ಮೇಲೆ ಉದುರುತ್ತದೆ. ಬ್ರಷ್ಷಿಗೆ ಬೇವಿನ ಕಡ್ಡಿ ಜಗಿದರೆ ಆಯಿತು. ಬಾಯಿ ಕಹಿ ಆಯಿತೆಂದು ಎಲ್ಲರೂ ಮುಖ ಹಿಂಡುತ್ತಾರೆ, ಆದರೂ ಜಗಿಯುತ್ತಾರೆ.

ಅರಿಷಿಣದ ನೀರಿನಿಂದ ಹಳದಿ ಬಳಿಸಿ, ಅದರ ಮೇಲೆ ಎಲೆ ಅಡಿಕೆಗೆ ಹಚ್ಚುವ ಸುಣ್ಣದ ತಿಳಿಯನ್ನು ಒಂದು ಹನಿ ಬಿಟ್ಟು ನೋಡಿ. ಹಳದಿ ಥಟ್ಟನೆ ಕೆಂಪಾಗುತ್ತದೆ. ಆರತಿಯ ಕೆಂಪು ನೀರು ನೋಡಿದ ಮಕ್ಕಳು 'ಇದು ನಮ್ಮನಿ ಆರತಿ!' ಅಂತ ಕೂಗುತ್ತಾರೆ. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹೋದರೆ ಅಪಾಯ. ಆ ಹನಿ ನೀವೇ ಹಾಕಿ.

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆ ವಾರ ನನ್ನ ಕೋಣೆಯಲ್ಲಿ ಮಣ್ಣಿನದೇ ಕೆಲಸ. ಎತ್ತು, ಅವಕ್ಕೆ ಮೇವು ಹಾಕುವ ಗ್ವಾದಲಿ ಎಲ್ಲ ಮಕ್ಕಳೇ ಮಾಡುತ್ತಾರೆ. ಮೊದಲ ವರ್ಷ ಬರೀ ಯರಿ ಮಣ್ಣಿನಲ್ಲಿ ಮಾಡಿದೆವು. ಮರುದಿನ ನೋಡಿದರೆ ಎತ್ತುಗಳೆಲ್ಲ ಬಿರುಕು ಬಿಟ್ಟಿದ್ದವು, ಕೆಲವಕ್ಕೆ ಕೋಡೇ ಇಲ್ಲ. ಒಬ್ಬಳು ಅತ್ತೇಬಿಟ್ಟಳು. ಯರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದಕ್ಕೇ. ಊರಿನ ಕುಂಬಾರಜ್ಜನನ್ನು ಕರೆಸಿದೆ. ಅಜ್ಜ ಒಂದಿಷ್ಟು ಸಣ್ಣ ಉಸುಕು, ಒಂದಿಷ್ಟು ಬೂದಿ ಬೆರೆಸಿ ನಾದಿ ತೋರಿಸಿದ. ಕಾಲನ್ನು ಬೇರೆ ಮಾಡಿ ಅಂಟಿಸಬೇಡಿ, ಒಂದೇ ಮುದ್ದೆಯಿಂದ ಎಳೆದು ತೆಗೆಯಿರಿ ಅಂದ. ಆ ವರ್ಷದಿಂದ ನಮ್ಮ ಎತ್ತುಗಳು ಗಟ್ಟಿಯಾಗಿ ನಿಲ್ಲುತ್ತವೆ. ಹೊಲ ಏಕೆ ಬಿರಿಯುತ್ತದೆ ಎಂದು ಆ ಮಕ್ಕಳಿಗೆ ನಾನು ಬೇರೆ ಪಾಠ ಮಾಡಲಿಲ್ಲ.

ಮೂರನೇ ತರಗತಿಗೆ ಬಂದ ಮೇಲೆ ಕಸೂತಿ ಹಿಡಿಸುತ್ತೇನೆ. ಸೂಜಿ ಅಲ್ಲ, ಚೌಕುಳಿ ಹಾಳೆ ಮತ್ತು ಪೆನ್ಸಿಲ್. ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆ ಅಂಬಾರಿ ಎಲ್ಲ ಎಳೆ ಎಣಿಸಿ ಹಾಕುವಂಥವು. ಮೂರು ಮನೆ ಮೇಲೆ, ಮೂರು ಮನೆ ಪಕ್ಕಕ್ಕೆ. ಕಸೂತಿಯ ಗವಂತಿ ಎಂಬ ಹೊಲಿಗೆ ಹಿಂದೆ ಮುಂದೆ ಒಂದೇ ತರಹ ಕಾಣಬೇಕು ಅಂತ ಮನೆಯ ಹಿರಿಯರು ಹೇಳಿಕೊಟ್ಟಿದ್ದನ್ನು ಮಕ್ಕಳು ಬಂದು ನನಗೆ ಹೇಳುತ್ತಾರೆ.

ಕೆಲವು ಪಾಲಕರು ಕೇಳುತ್ತಾರೆ: 'ಅಕ್ಕೋರ, ಇದೆಲ್ಲ ಸರಿ, ಅಭ್ಯಾಸ ಯಾವಾಗ?' ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಣ್ಣು ನಾದಿದ ಬೆರಳು ಪೆನ್ಸಿಲ್ಲನ್ನು ಚೆನ್ನಾಗಿ ಹಿಡಿಯುತ್ತದೆ, ಚಿತ್ರದ ಬಗ್ಗೆ ಮಾತಾಡಿದ ಮಗು ಮುಂದೆ ಅದನ್ನೇ ವಾಕ್ಯವಾಗಿ ಬರೆಯುತ್ತದೆ ಅಂತ ಹೇಳುತ್ತೇನೆ. ಅದು ನಿಜ. ಆದರೆ ಅಕ್ಷರಕ್ಕೆ ಉಪಯೋಗ ಆಗುತ್ತದೆ ಅನ್ನುವ ಕಾರಣಕ್ಕೆ ಮಾತ್ರ ನಾನು ಚಿತ್ರ ಬರೆಸುವುದಿಲ್ಲ. ನಮ್ಮ ಬಾದಾಮಿ ಹತ್ತಿರದ ಶಿಡ್ಲಫಡಿಯ ಬಂಡೆಗೆ ಆದಿಮಾನವರು ಚಿತ್ರ ಬರೆದಾಗ ಅಕ್ಷರವೇ ಇರಲಿಲ್ಲ. 578ರಲ್ಲಿ ಚಾಲುಕ್ಯರ ಮಂಗಳೇಶ ಶಾಸನ ಹಾಕಿಸಿದ ಮೂರನೇ ಗುಹೆಯ ಚಾವಣಿಯಲ್ಲಿ ಇನ್ನೂ ಬಣ್ಣದ ಗುರುತು ಉಳಿದಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಅದನ್ನು ತಲೆ ಎತ್ತಿ ತೋರಿಸುತ್ತೇನೆ. 'ಅವರೂ ಮಣ್ಣು ಜಾಲಿಸಿದ್ರೇನ್ರಿ?' ಅಂತ ಒಬ್ಬ ಕೇಳಿದ್ದ.

ಈಗ ನಮ್ಮ ಕೋಣೆಯ ಕಿಟಕಿಯಲ್ಲಿ ಆರು ಬಾಟಲಿ ಸಾಲಾಗಿ ನಿಂತಿವೆ. ಯರಿ ಒಂದು, ಮಸಾರಿ ಒಂದು. ಒಬ್ಬಳ ಅತ್ತೆ ಲೋಕಾಪುರದ ಕಡೆಯಿಂದ ಸುಣ್ಣದ ಕಲ್ಲಿನ ಪುಡಿ ತಂದಿದ್ದಾರೆ, ಅದು ಬಿಳಿ. ಇಳಕಲ್ಲಿನ ಕೆಂಪು ಗ್ರಾನೈಟಿನ ಪುಡಿ ಒಂದು. ಒಲೆಯ ಇದ್ದಿಲು ಒಂದು, ಅರಿಷಿಣ ಒಂದು. ಪ್ರತಿ ಬಾಟಲಿಗೆ ತಂದವರ ಹೆಸರು, ಊರಿನ ಹೆಸರು ಮಕ್ಕಳೇ ಬರೆದು ಅಂಟಿಸಿದ್ದಾರೆ. ಏಳನೇ ಬಾಟಲಿ ತೊಳೆದು ಬೋರಲು ಹಾಕಿದ್ದೇವೆ. ಮಾಳಿಗೆ ಮೇಲಿನ ಮೆಣಸಿನಕಾಯಿ ಒರೆಸಿದ್ದ ಆ ಹುಡುಗನ ತಂಗಿ ಈಗ ನನ್ನ ಹತ್ತಿರ ಎರಡನೇ ತರಗತಿಯಲ್ಲಿದ್ದಾಳೆ. ಅವಳ ಸೋದರಮಾವ ಖಾನಾಪುರದಲ್ಲಿದ್ದಾರೆ. ಅಲ್ಲಿಯ ಮಣ್ಣು ನಮ್ಮ ಮಸಾರಿಗಿಂತ ಕೆಂಪಂತೆ. ಪಂಚಮಿ ಹಬ್ಬಕ್ಕೆ ಬರುವಾಗ ಒಂದು ಚೀಲ ತರುತ್ತೇನೆಂದು ಅವರು ಫೋನಿನಲ್ಲಿ ಹೇಳಿದ್ದಾರೆ. ಅವಳು ಚೀಟಿ ಈಗಲೇ ಬರೆದು ಇಟ್ಟುಕೊಂಡಿದ್ದಾಳೆ.

ನಮಸ್ಕಾರ.