ಬಾಡಿಗೆ ಮನೆ ಮತ್ತು ಮೀಟರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಾಡಿಗೆ ಮನೆ ಖಾಲಿ ಮಾಡುವ ದಿನ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳಬೇಕೆಂಬ ಮಾತು ಬಂದಾಗ, ಬಣ್ಣದ ಖರ್ಚಿನ ಜೊತೆಗೇ ಎದ್ದು ನಿಲ್ಲುವುದು ಕರೆಂಟು ಮತ್ತು ನೀರಿನ ಬಾಕಿ. ಈ ಜಗಳದಲ್ಲಿ ಯಾರಾದರೊಬ್ಬರು ಸುಳ್ಳು ಹೇಳುತ್ತಿರಲೇಬೇಕೆಂದೇನೂ ಇಲ್ಲ. ಮನೆಗೆ ಬಂದ ದಿನ ಮೀಟರಿನಲ್ಲಿ ಎಷ್ಟಿತ್ತೆಂದು ಇಬ್ಬರೂ ಬರೆದಿಟ್ಟಿರುವುದಿಲ್ಲ, ಅಷ್ಟೆ.

ಒಂದು ಲೆಕ್ಕ ನೋಡೋಣ. ಮೀಟರ್ ರೀಡರ್ ಒಂದನೇ ತಾರೀಖು ಬಂದಾಗ ರೀಡಿಂಗ್ 4512 ಇತ್ತೆನ್ನಿ. ನೀವು ಹದಿನೈದಕ್ಕೆ ಮನೆ ಸೇರಿದಾಗ ಅದು 4587 ಆಗಿತ್ತು. ಮುಂದಿನ ಒಂದನೇ ತಾರೀಖು 4668. ಬಿಲ್ಲು 156 ಯೂನಿಟ್ ಎನ್ನುತ್ತದೆ, ಆದರೆ ನಿಮ್ಮ ಪಾಲು 81 ಮಾತ್ರ. ಉಳಿದ 75 ನಿಮಗಿಂತ ಮೊದಲು ಇದ್ದವರದೋ, ನಡುವೆ ಮನೆಗೆ ಬಣ್ಣ ಬಳಿದವರದೋ ಆಗಿರುತ್ತದೆ. ಈ 4587 ಎಂಬ ಸಂಖ್ಯೆ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ನೀವು ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದಮೇಲೆ ಇದರ ಬೆಲೆ ಇನ್ನೂ ಹೆಚ್ಚಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ಹಿಂದಿನವರ ಯೂನಿಟ್‌ಗಳೂ ಸೇರಿ ಗಡಿ ದಾಟಿತೆಂದರೆ ಇಡೀ ಮೊತ್ತ ನಿಮ್ಮ ತಲೆಗೆ ಬರುತ್ತದೆ. ಹಿಂದಿನ ಬಾಡಿಗೆದಾರರು ಈ ಯೋಜನೆಗಾಗಿ ಮಾಡಿಸಿದ ಆಧಾರ್ ಜೋಡಣೆಯನ್ನು ಆ ಸಂಪರ್ಕದಿಂದ ತೆಗೆಸಲಾಗಿದೆಯೇ ಎಂಬುದನ್ನೂ ಮನೆ ಸೇರುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ರೀಡಿಂಗ್ ಬರೆಯುವ ಮೊದಲು ಅದು ನಿಮ್ಮದೇ ಮೀಟರ್ ಹೌದೇ ಎಂದು ತಿಳಿಯಬೇಕು. ನಾಲ್ಕಾರು ಮನೆಗಳ ಕಟ್ಟಡದಲ್ಲಿ ಮೀಟರುಗಳೆಲ್ಲ ಮೆಟ್ಟಿಲ ಕೆಳಗೆ ಸಾಲಾಗಿರುತ್ತವೆ, ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗುರುತು ಯಾವ ಕಾಲದ್ದೋ ದೇವರೇ ಬಲ್ಲ. ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಯನ್ನೂ, ಅಂದರೆ ಸಂಪರ್ಕದ ಗುರುತಿನ ಸಂಖ್ಯೆಯನ್ನೂ, ಮೀಟರಿನ ಕ್ರಮಸಂಖ್ಯೆಯನ್ನೂ ತಾಳೆ ನೋಡಿ. ನಂತರ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಡಿಜಿಟಲ್ ಮೀಟರಿನ ಮೇಲೆ ಮಿನುಗುವ ಕೆಂಪು ದೀಪ ನಿಲ್ಲಬೇಕು. ನಿಲ್ಲದಿದ್ದರೆ ಅದು ಬೇರೆ ಮನೆಯ ಮೀಟರಿರಬಹುದು, ಇಲ್ಲವೇ ಸಂಪಿನ ಮೋಟಾರೋ ಮೆಟ್ಟಿಲ ದೀಪವೋ ನಿಮ್ಮ ಲೆಕ್ಕದಲ್ಲಿ ಓಡುತ್ತಿರಬಹುದು.

ಫೋಟೋ ತೆಗೆಯುವಾಗ ಕ್ರಮಸಂಖ್ಯೆ ಕಾಣುವಂತೆ ಇಡೀ ಮೀಟರಿನದೊಂದು, ಪರದೆಯ ಅಂಕಿಗಳದೊಂದು ಇರಲಿ. ಪರದೆಯಲ್ಲಿ ದಿನಾಂಕ, ವೋಲ್ಟೇಜ್, ಗರಿಷ್ಠ ಬೇಡಿಕೆ ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ನಮಗೆ ಬೇಕಾದುದು ಪಕ್ಕದಲ್ಲಿ ಕೆ.ಡಬ್ಲ್ಯೂ.ಎಚ್., ಅಂದರೆ ಯೂನಿಟ್, ಎಂದು ತೋರಿಸುವ ಸಂಖ್ಯೆ. ಅದೇ ದಿನ ಅವನ್ನು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳುಹಿಸಿ, ಜೊತೆಗೆ ಹೀಗೊಂದು ಸಾಲು ಬರೆಯಿರಿ: “ಸಾರ್, ಇಂದು ಮನೆಗೆ ಬಂದೆವು, ಕರೆಂಟ್ ಮೀಟರ್ 4587 ತೋರಿಸುತ್ತಿದೆ, ನೋಡಿಕೊಳ್ಳಿ.” ಅವರು “ಸರಿ” ಎಂದು ಉತ್ತರಿಸಿದರೆ ಆಯಿತು. ಫೋನಿನಲ್ಲೇ ಇಟ್ಟುಕೊಂಡ ಫೋಟೋಗಿಂತ ಎದುರಿನವರು ಆ ದಿನವೇ ಕಂಡ ಫೋಟೋಗೆ ಹೆಚ್ಚು ಬಲ. ಕರಾರುಪತ್ರ ಇನ್ನೂ ಬರೆಯದಿದ್ದರೆ ಅದರಲ್ಲಿಯೇ ರೀಡಿಂಗ್ ಸೇರಿಸುವುದು ಎಲ್ಲಕ್ಕಿಂತ ಮೇಲು.

ಒಂದೊಂದು ಮನೆಯ ಬಳಕೆ ಅಳೆಯಲು ಮಾಲೀಕರೇ ಒಳಗೆ ಹಾಕಿಸಿದ ಸಬ್‌ಮೀಟರ್ ಇರುವ ಕಡೆ ಇನ್ನಷ್ಟು ಎಚ್ಚರ ಬೇಕು. ವಿದ್ಯುತ್ ಕಂಪನಿ ಬಿಲ್ಲು ಮಾಡುವುದು ಮುಖ್ಯ ಮೀಟರಿಗೆ. ಒಳಗಿನ ಹಂಚಿಕೆ ಮಾಲೀಕರ ಮತ್ತು ನಿಮ್ಮ ನಡುವಿನ ಒಪ್ಪಂದ, ಅದರ ಬಗ್ಗೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆಮಾಡಿ ಫಲವಿಲ್ಲ. ಆದ್ದರಿಂದ ಯೂನಿಟ್ಟಿಗೆ ಎಷ್ಟು, ನಿಗದಿತ ಶುಲ್ಕದಲ್ಲಿ ಯಾರದು ಎಷ್ಟು, ಮೋಟಾರಿನ ಖರ್ಚು ಹೇಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ತಿಂಗಳಿಗೊಮ್ಮೆ ಸಬ್‌ಮೀಟರನ್ನೂ ಮುಖ್ಯ ಮೀಟರನ್ನೂ ಒಂದೇ ದಿನ ಓದಿ ಗುರುತು ಹಾಕಿಕೊಳ್ಳಿ. ಕೆಲವೊಮ್ಮೆ ಬಿಲ್ಲಿನಲ್ಲಿ ಹೆಚ್ಚುವರಿ ಭದ್ರತಾ ಠೇವಣಿ ಎಂಬ ಮೊತ್ತ ಸೇರಿರುತ್ತದೆ. ಅದು ಬಳಸಿದ ಕರೆಂಟಿನ ಹಣವಲ್ಲ, ಸಂಪರ್ಕದ ಖಾತೆಯಲ್ಲಿ ಉಳಿಯುವ ಠೇವಣಿ. ಅದನ್ನು ಬಾಡಿಗೆದಾರರು ಸುಮ್ಮನೆ ಕಟ್ಟಿಬಿಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಕಟ್ಟಿದರೂ ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳುವ ಮಾತನ್ನು ಆಗಲೇ ಆಡಬೇಕು.

ನೀರಿನ ಮೀಟರಿನಲ್ಲಿ ಸಾಮಾನ್ಯವಾಗಿ ಕಪ್ಪು ಅಂಕಿಗಳು ಕಿಲೋಲೀಟರನ್ನೂ, ಅಂದರೆ ಸಾವಿರ ಲೀಟರಿನ ಲೆಕ್ಕವನ್ನೂ, ಕೆಂಪು ಅಂಕಿಗಳು ಅದಕ್ಕಿಂತ ಕಡಿಮೆಯದನ್ನೂ ತೋರಿಸುತ್ತವೆ. ಎಲ್ಲ ಮನೆಗಳಿಗೂ ಒಂದೇ ಮೀಟರಿದ್ದು ತಲೆಗಿಷ್ಟೆಂದು ಹಂಚುವ ಕಡೆ ರೀಡಿಂಗಿಗಿಂತ ಬಿಲ್ಲಿನ ಪ್ರತಿಯೇ ಮುಖ್ಯ; ಅದನ್ನು ತಿಂಗಳು ತಿಂಗಳೂ ಕೇಳಿ ಪಡೆಯಿರಿ.

ಮನೆ ಬಿಡುವ ದಿನ ಮಾಲೀಕರನ್ನು ಮೀಟರಿನ ಮುಂದೆ ಕರೆದು ಇಬ್ಬರೂ ಒಟ್ಟಿಗೆ ರೀಡಿಂಗ್ ಓದಿ, ಕೊನೆಯ ಬಿಲ್ಲಿನಿಂದ ಈಚಿನ ಯೂನಿಟ್‌ಗಳ ಹಣವನ್ನು ಅಲ್ಲಿಯೇ ಲೆಕ್ಕ ಹಾಕಿ, ಅಡ್ವಾನ್ಸಿನಲ್ಲಿ ಮುರಿದುಕೊಂಡ ಮೊತ್ತವನ್ನು ಬರವಣಿಗೆಯಲ್ಲಿ ಪಡೆಯಿರಿ. ಅಡ್ವಾನ್ಸಿನ ಉಳಿದ ಹಣ ಕೈಸೇರುವವರೆಗೆ ಆ ಫೋಟೋಗಳನ್ನು ಅಳಿಸಬೇಡಿ. ನಮಸ್ಕಾರ.