ಓದುತ್ತಿರುವಾಗಲೇ ಮಾತಾಡೋಣ

ಓದುಗ ಬಂಧುಗಳೇ,

‘ಪುಸ್ತಕ ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಹೇಳುತ್ತೇನೆ.’ ನಮ್ಮ ಕೂಟದಲ್ಲಿ ಹೆಚ್ಚು ಕೇಳಿಬರುವ ಮಾತು ಇದು. ವಿನಯದ ಮಾತು, ನಿಜ. ಆದರೆ ಇದರಿಂದ ಒಂದು ನಷ್ಟವಿದೆ. ಮುಗಿಸಿದವರು ತೀರ್ಪು ಕೊಡುತ್ತಾರೆ. ನಡುವೆ ಇರುವವರು ಜಗಳವಾಡುತ್ತಾರೆ. ನನಗೆ ಜಗಳವೇ ಇಷ್ಟ.

ಕನ್ನಡಿಗರಿಗೆ ಇದೇನೂ ಹೊಸದಲ್ಲ. ಊರ ಗುಡಿಯ ಜಗಲಿಯಲ್ಲಿ ಗಮಕಿಗಳು ಗದುಗಿನ ಭಾರತದ ಪದ್ಯಗಳನ್ನು ವಾಚಿಸುತ್ತಿದ್ದರು, ಪಕ್ಕದಲ್ಲಿ ಕುಳಿತವರು ವ್ಯಾಖ್ಯಾನ ಮಾಡುತ್ತಿದ್ದರು. ಒಂದು ರಾತ್ರಿಗೆ ಮುಗಿಯುವ ಕಾವ್ಯವಲ್ಲ ಅದು. ಮರುದಿನದ ವಾಚನದವರೆಗೆ ಕೇಳಿದವರ ಬಾಯಿಗೆ ಬೇಕಾದಷ್ಟು ಕೆಲಸ. ಮಳೆ ಕೈಕೊಟ್ಟಾಗ ವಿರಾಟಪರ್ವವೊಂದನ್ನೇ ಓದಿಸುವ ಪದ್ಧತಿಯೂ ಇತ್ತು. ಹದಿನೆಂಟೂ ಪರ್ವ ಕೇಳಿದ ಮೇಲೆಯೇ ಕೀಚಕನ ವಿಷಯ ಮಾತಾಡುತ್ತೇವೆಂದು ಯಾರೂ ಕಾಯಲಿಲ್ಲ. ಹಾಗೆ ಕಾಯಲು ಹೊರಟಿದ್ದರೆ ಕಷ್ಟವೂ ಆಗುತ್ತಿತ್ತು: ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಬೇಕಾಯಿತು.

ನಾನೀಗ ಓದುತ್ತಿರುವುದೂ ಅದೇ ಕಾವ್ಯ. ಉದ್ಯೋಗಪರ್ವದಲ್ಲಿ, ಸಂಧಾನ ಮುರಿದುಬಿದ್ದಲ್ಲಿ ನಿಂತಿದ್ದೇನೆ. ಕೃಷ್ಣ ಹಸ್ತಿನಾವತಿಯಿಂದ ಹೊರಟವನು ಕರ್ಣನೊಡನೆ ಮೈದುನತನದ ಸರಸವಾಡಿ, ಅವನನ್ನು ರಥಕ್ಕೆ ಬರಸೆಳೆದು ಕುಳ್ಳಿರಿಸಿಕೊಳ್ಳುತ್ತಾನೆ. ಆಮೇಲೆ ಹುಟ್ಟಿನ ಗುಟ್ಟು. ಆ ಪದ್ಯದ ಕೊನೆಯಲ್ಲಿ ಕವಿ ಹೇಳುವುದು, ‘ರವಿಸುತನ ಕಿವಿಯಲಿ ಬಿತ್ತಿದನು ಭಯವ’. ತಿಳಿಸಿದನು ಎನ್ನುವುದಿಲ್ಲ, ಉಪದೇಶಿಸಿದನು ಎನ್ನುವುದಿಲ್ಲ. ಕೃಷ್ಣಕಥೆಯನ್ನು ಹೇಳುತ್ತೇನೆಂದು ಪೀಠಿಕೆಯಲ್ಲೇ ಸಾರಿದ ಭಕ್ತಕವಿ ತನ್ನ ದೇವರ ಕೆಲಸವನ್ನು ಹೀಗೆ ಬರೆಯುತ್ತಾನೆ!

ಮುಂದೆ ಆಸೆಯ ಬಲೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ಮಾದ್ರ, ಮಾಗಧ, ಯಾದವರು, ನಡುವೆ ಓಲಗದಲ್ಲಿ ನೀನು; ಇದನ್ನು ಬಿಟ್ಟು ದುರ್ಯೋಧನ ಕರೆದಾಗ ‘ಜೀಯ, ಹಸಾದ’ ಎನ್ನುವುದು ನಿನಗೆ ಕಷ್ಟವಲ್ಲವೇ ಎಂದು ಕೇಳುತ್ತಾನೆ. ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬಂದದ್ದೇನು? ರಾಜ್ಯವಲ್ಲ, ತಾಯಿಯಲ್ಲ. ‘ಕುರುಪತಿಗೆ ಕೇಡಾದುದು’ ಎಂಬ ಮಾತು. ಆಮೇಲೆ ‘ತನ್ನ ವಂಶವನರುಹಿ ಕೊಂದನು’ ಎಂದುಕೊಳ್ಳುತ್ತಾನೆ. ಯುದ್ಧದ ಮೊದಲ ಬಾಣ ಇನ್ನೂ ಬತ್ತಳಿಕೆಯಲ್ಲಿದೆ, ಇಲ್ಲಿ ಒಬ್ಬನ ಕೊಲೆ ಆಗಿಹೋಗಿದೆ.

ಇದನ್ನು ಓದಿದಂದಿನಿಂದ ಕೃಷ್ಣನ ಮೇಲೆ ನನಗೆ ಸಿಟ್ಟು. ಮನೆಯಲ್ಲಿ ಹೇಳಿದರೆ, ‘ಸತ್ಯ ಹೇಳಿದ್ದಕ್ಕೆ ಸಿಟ್ಟೇಕೆ? ಆರಿಸಿಕೊಳ್ಳಲು ಅವಕಾಶವನ್ನಂತೂ ಕೊಟ್ಟನಲ್ಲ’ ಎಂದರು. ಗಟ್ಟಿಯಾದ ವಾದವೇ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದು, ಸೇನೆಗಳು ಸೇರುವ ಹೊತ್ತಿಗೆ ಹೇಳಿದ ಸತ್ಯ ಯಾರ ಉಪಯೋಗಕ್ಕೆ? ಮಗ್ಗುಲಲ್ಲಿ ಕೂರಿಸಿಕೊಂಡು ಹೇಳಿದ್ದು ಇನ್ನೂ ಕ್ರೂರ.

ಪೂರ್ತಿ ಓದಿದ ವಿದ್ವಾಂಸರು ಈ ಸಿಟ್ಟನ್ನು ಧರ್ಮ, ವಿಧಿ, ಲೀಲೆ ಎಂದು ಸಮಾಧಾನ ಮಾಡಿಬಿಡುತ್ತಾರೆ. ಮಾಡಲಿ. ಆದರೆ ಕವಿ ಈ ಪದ್ಯದಲ್ಲಿ ನೋವನ್ನು ಇಟ್ಟದ್ದು ಈ ಪದ್ಯದಲ್ಲೇ ನೋಯಲಿ ಎಂದಲ್ಲವೇ? ಕರ್ಣ ಸಾಯುತ್ತಾನೆಂಬುದು ಕನ್ನಡದ ಮಕ್ಕಳಿಗೂ ಗೊತ್ತು. ಕೊನೆ ಗೊತ್ತಿದ್ದೂ ನಡುವೆ ನಿಂತು ಪಕ್ಷ ವಹಿಸುವಂತೆ ಮಾಡುವುದು ಈ ಕವಿಯ ಕಸುಬು. ಪೀಠಿಕೆಯಲ್ಲೇ ಅವನು ಅರಸರಿಗೆ ಇದು ವೀರ, ಯೋಗಿಗಳಿಗೆ ತತ್ವವಿಚಾರ, ವಿರಹಿಗಳಿಗೆ ಶೃಂಗಾರ ಎಂದು ಹಂಚಿಕೊಟ್ಟಿದ್ದಾನೆ. (ನಿವೃತ್ತ ನೌಕರರಿಗೆ ಏನೆಂದು ಹೇಳಿಲ್ಲ; ನಾವೇ ಹುಡುಕಿಕೊಳ್ಳಬೇಕು.)

ಆದ್ದರಿಂದ ನನ್ನದೊಂದು ಕೋರಿಕೆ. ಇಲ್ಲಿ ಮಾತಾಡುವವರು ಮೊದಲು ತಾವು ಯಾವ ಪುಟದಲ್ಲಿದ್ದೇವೆಂದು ಹೇಳಲಿ. ಕಥೆಯ ಸಾರಾಂಶ ಬೇಡ, ಲೇಖಕರ ಜೀವನಚರಿತ್ರೆಯಂತೂ ಬೇಡವೇ ಬೇಡ. ತಮ್ಮನ್ನು ತಡೆದು ನಿಲ್ಲಿಸಿದ ನಾಲ್ಕು ಸಾಲು ಓದಲಿ, ಏಕೆ ನಿಂತೆ ಎಂದು ಹೇಳಲಿ. ಬೇಸರವಾಗಿ ಪುಸ್ತಕ ಮುಚ್ಚಿದ್ದರೆ ಎಲ್ಲಿ ಮುಚ್ಚಿದೆ ಎಂಬುದೂ ಒಳ್ಳೆಯ ಅಭಿಪ್ರಾಯವೇ. ಮುಂದಿನ ತಿಂಗಳು ಬಂದು ಅದಕ್ಕೆ ವಿರುದ್ಧವಾಗಿ ಹೇಳಿದರೆ ಯಾರೂ ನಗಬಾರದು.

ನನ್ನ ಮಾತೂ ಬದಲಾಗಬಹುದು. ಇನ್ನು ಕುಂತಿ ಬರುವವಳಿದ್ದಾಳೆ, ತೊಟ್ಟ ಬಾಣವನ್ನು ಮತ್ತೆ ತೊಡಬೇಡವೆಂದು ಮಗನನ್ನು ಕೇಳಲು. ಕೃಷ್ಣನ ಮೇಲಿನ ಸಿಟ್ಟಿನಲ್ಲಿ ಎಷ್ಟು ಪಾಲು ಆಗ ಅವಳಿಗೆ ಹೋಗುತ್ತದೆಂಬುದನ್ನು ಮುಂದಿನ ಸಭೆಯಲ್ಲಿ ಹೇಳುತ್ತೇನೆ.